ಮೆರಾಪಿ ಬುಡದ ಹಳ್ಳಿಯಲ್ಲಿ ಮನೆ ಮಾಡೋದು ಅಂದ್ರೆ

ಸಾಗರದ ತಮ್ಮನಿಗೆ ನಮಸ್ಕಾರ.

ಇಂಡೋನೇಷ್ಯಾದ ಜಾವಾ ದ್ವೀಪಕ್ಕೆ ಬೊರೊಬುದುರ್ ಬೌದ್ಧ ಸ್ತೂಪ ನೋಡಲು ಬಂದವರಿಗೆ ಸುತ್ತಲ ಹಳ್ಳಿಗಳೇ ಹೆಚ್ಚು ಹಿಡಿಸಿದವು ಅಂತ ಬರೆದಿದ್ದೀರಿ. ಗಂಡ ಹೆಂಡತಿ ಇಬ್ಬರದ್ದೂ ಲ್ಯಾಪ್‌ಟಾಪ್ ಕೆಲಸ, ಇಲ್ಲಿಗೇ ಬಂದು ಇರಬಹುದಾ, ಅರ್ಧ ಎಕರೆ ತಗೊಂಡು ಮನೆ ಕಟ್ಟಬಹುದಾ, ಊರಿಗೆ ಓಡಾಡೋದು ಕಷ್ಟವಾ ಅಂತ ಕೇಳಿದ್ದೀರಿ. ಅಕ್ಕಾ ಅಂತ ಕರೆದಿದ್ದೀರಿ, ಹಾಗಾಗಿ ಸುತ್ತಿ ಬಳಸಿ ಹೇಳಲ್ಲ. ಇರಬಹುದು. ಜಾಗ ತಗೊಳ್ಳೋ ಆಸೆ ಬಿಡಿ. ಓಡಾಟ ನೀವು ಅಂದುಕೊಂಡಷ್ಟು ಕಷ್ಟ ಇಲ್ಲ.

ನಾನು ಬಂಟ್ವಾಳದ ಕಡೆಯವಳು, ಕ್ರೈಸ್ತರ ಮನೆಯವಳು. ದುಬೈಯಲ್ಲಿ ಕೆಲಸ ಮಾಡುವಾಗ ಪರಿಚಯವಾದವರು ನನ್ನ ಗಂಡ. ಅವರದ್ದು ಮುಂತಿಲಾನ್ ಪೇಟೆಗೆ ಹತ್ತಿರದ ಸ್ರುಂಬುಂಗ್ ತಾಲೂಕು, ಮೆರಾಪಿ ಅನ್ನುವ ಜ್ವಾಲಾಮುಖಿ ಬೆಟ್ಟದ ಪಶ್ಚಿಮದ ಇಳಿಜಾರು. ಈ ಸೀಮೆಯಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಕ್ಯಾಥೊಲಿಕರು ಇದ್ದಾರೆ. ಇಬ್ಬರದ್ದೂ ಒಂದೇ ಧರ್ಮವಾದ್ದರಿಂದ ನಮ್ಮ ಮದುವೆಗೆ ಕಾಗದದ ತೊಡಕು ಬರಲಿಲ್ಲ. ಬೇರೆ ಬೇರೆ ಧರ್ಮದವರಾದರೆ ಇಲ್ಲಿ ಮದುವೆ ದಾಖಲಾಗೋದೇ ಕಷ್ಟ. ನಿಮಗೆ ಆ ಚಿಂತೆ ಇಲ್ಲ ಬಿಡಿ.

ಮೊದಲು ಜಾಗದ ವಿಷಯ. ಇಲ್ಲಿ 1960ರ ಭೂಮಿ ಕಾಯ್ದೆ ಇನ್ನೂ ಚಾಲ್ತಿಯಲ್ಲಿದೆ. ಪೂರ್ತಿ ಒಡೆತನಕ್ಕೆ ‘ಹಾಕ್ ಮಿಲಿಕ್’ ಅನ್ನುತ್ತಾರೆ. ಅದು ಇಂಡೋನೇಷ್ಯಾದ ಪ್ರಜೆಗಳಿಗೆ ಮಾತ್ರ. ವಿದೇಶಿಯರಿಗೆ ಸಿಗುವುದು ‘ಹಾಕ್ ಪಾಕಾಯ್’, ಅಂದರೆ ಬಳಸುವ ಹಕ್ಕು. ಮನೆಗಾದರೆ ಮೊದಲು 30 ವರ್ಷ, ಆಮೇಲೆ 20, ಮತ್ತೆ 30. ಓದಿದರೆ ಸಾಕಷ್ಟು ಅನ್ನಿಸುತ್ತದೆ ಅಲ್ವಾ? ಆದರೆ ವಿದೇಶಿಯರು ಕೊಳ್ಳುವ ಮನೆಗೆ ಪ್ರಾಂತ್ಯ ನೋಡಿ ಕನಿಷ್ಠ ಬೆಲೆ ಕಟ್ಟಿದ್ದಾರೆ, ನೂರಾರು ಕೋಟಿ ರುಪಿಯಾ. ನಮ್ಮ ಒಂದು ರೂಪಾಯಿಗೆ ಸುಮಾರು 180-190 ರುಪಿಯಾ ಅಂತ ಹಿಡಿದು ಭಾಗಿಸಿ ನೋಡಿ. ಪೇಟೆಯಲ್ಲಿ ಬಂಗಲೆ ಕೊಳ್ಳುವವರಿಗೆ ಮಾಡಿದ ನಿಯಮ ಅದು. ಹಳ್ಳಿಯ ತೋಟದ ಮಧ್ಯೆ ಹೆಂಚಿನ ಮನೆ ಬೇಕು ಅನ್ನುವವರಿಗಲ್ಲ. ಕಂಪನಿ ಮಾಡಿ ಅದರ ಹೆಸರಲ್ಲಿ ತಗೊಳ್ಳಿ ಅಂತ ಏಜೆಂಟರು ಹೇಳುತ್ತಾರೆ. ವಿದೇಶಿ ಕಂಪನಿಗೆ ಹೂಡಿಕೆ ಸಾವಿರ ಕೋಟಿ ರುಪಿಯಾ ದಾಟಬೇಕು, ಅದರಲ್ಲೂ ಜಾಗ ಮತ್ತು ಕಟ್ಟಡದ ಬೆಲೆ ಲೆಕ್ಕಕ್ಕಿಲ್ಲ. ಅರ್ಧ ಎಕರೆಗೋಸ್ಕರ ಯಾರು ಅದನ್ನೆಲ್ಲ ಮಾಡುತ್ತಾರೆ?

ಇನ್ನೊಂದು ದಾರಿ ತೋರಿಸುವವರು ಖಂಡಿತ ಸಿಗುತ್ತಾರೆ: ಇಲ್ಲಿಯವರ ಹೆಸರಲ್ಲಿ ಕೊಂಡು, ಪಕ್ಕದಲ್ಲಿ ಒಂದು ಕರಾರು ಬರೆಸಿಕೊಳ್ಳೋದು. ಅದು ಕಾನೂನಿನ ಮುಂದೆ ನಿಲ್ಲಲ್ಲ. ಕಾಯ್ದೆಯಲ್ಲೇ ಬರೆದಿದೆ, ಅಂಥ ವ್ಯವಹಾರ ರದ್ದು, ಜಾಗ ಸರ್ಕಾರಕ್ಕೆ, ಕೊಟ್ಟ ದುಡ್ಡೂ ವಾಪಸ್ ಕೇಳೋ ಹಾಗಿಲ್ಲ. ಹೆಸರು ಕೊಟ್ಟವನು ಒಳ್ಳೆಯವನೇ ಇರಬಹುದು. ಅವನು ತೀರಿಕೊಂಡ ಮೇಲೆ ಅವನ ಮಕ್ಕಳು ಹಾಗೇ ಇರುತ್ತಾರೆ ಅಂತ ಯಾರು ಹೇಳೋದು?

ಇದರಲ್ಲಿ ಇಂಡೋನೇಷ್ಯಾದವರನ್ನು ಬೈಯಲು ನನಗಂತೂ ಬಾಯಿಲ್ಲ. ನಮ್ಮ ಕರ್ನಾಟಕದಲ್ಲೇ 2020ರ ತಿದ್ದುಪಡಿ ಬರುವ ತನಕ ಭೂ ಸುಧಾರಣಾ ಕಾಯ್ದೆಯಲ್ಲಿ 79ಎ, 79ಬಿ ಅಂತ ಕಲಂ ಇತ್ತಲ್ಲ, ಬೆಂಗಳೂರಿನ ಸಂಬಳದವರು ಹೊಲ ಕೊಳ್ಳಲು ಒದ್ದಾಡುತ್ತಿದ್ದರು. ಇವತ್ತಿಗೂ ವಿದೇಶಿ ಪಾಸ್‌ಪೋರ್ಟಿನವರಿಗೆ ನಮ್ಮಲ್ಲಿ ಕೃಷಿ ಭೂಮಿ ಕೊಳ್ಳೋಕೆ ಬಿಡಲ್ಲ. ಅಡಿಕೆ ತೋಟದ ಮನೆಯಿಂದ ಬಂದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಸ್ಥಿತಿಯನ್ನೇ ನೋಡಿ. ಈ ಊರಿನ ಸೊಸೆ ನಾನು, ಆದರೂ ಒಂದು ಅಡಿ ನೆಲ ನನ್ನ ಹೆಸರಲ್ಲಿಲ್ಲ. ಮದುವೆಗೆ ಮುಂಚೆ ನೋಟರಿ ಹತ್ತಿರ ‘ಆಸ್ತಿ ಬೇರೆ ಬೇರೆ’ ಅಂತ ಕರಾರು ಮಾಡಿಕೊಂಡೆವು. ಆ ಕಾಗದ ಇಲ್ಲದಿದ್ದರೆ ವಿದೇಶಿಯನ್ನು ಮದುವೆಯಾದ ಇಲ್ಲಿಯವರಿಗೂ ಹೊಸ ಜಾಗ ಕೊಳ್ಳೋದು ಕಷ್ಟ, ಯಾಕೆಂದರೆ ಅರ್ಧ ನನ್ನದಾಗಿಬಿಡುತ್ತದೆ. ಸಾಂವಿಧಾನಿಕ ನ್ಯಾಯಾಲಯ ಅಂತ ಇಲ್ಲಿದೆ, ಅದರ ತೀರ್ಪು ಬಂದ ಮೇಲೆ ಈಗ ಮದುವೆಯಾದ ನಂತರವೂ ಈ ಕರಾರು ಮಾಡಿಕೊಳ್ಳಬಹುದು. ನಾಳೆ ಗಂಡನ ಕಡೆಯಿಂದ ನನಗೆ ಜಾಗ ಬಂದರೂ 1 ವರ್ಷದೊಳಗೆ ಬೇರೆಯವರಿಗೆ ವರ್ಗಾಯಿಸಬೇಕು. ಅತ್ತೆಗೆ ಇದು ಗೊತ್ತಾದ ದಿನ ಜೋರಾಗಿ ನಕ್ಕರು. ‘ಹಾಗಾದ್ರೆ ನೀನು ನಮ್ಮನೆ ಬಾಡಿಗೆಯವಳು’ ಅಂದರು.

ನಿಮಗೆ ನಾನು ಹೇಳೋದು, ಬಾಡಿಗೆ ಮನೆ ಹಿಡಿಯಿರಿ. ಹಳ್ಳಿಯಲ್ಲಿ ತಿಂಗಳ ಲೆಕ್ಕ ಕಡಿಮೆ, ವರ್ಷದ ಬಾಡಿಗೆ ಒಟ್ಟಿಗೆ ಕೊಡುವ ರೂಢಿ. ಮನೆ ಒಡೆಯರ ಹತ್ತಿರ ಜಾಗದ ಒಡೆತನದ ಸರ್ಟಿಫಿಕೇಟ್ ಇದೆಯಾ ಅಂತ ನೋಡಿ. ಎಷ್ಟೋ ಮನೆಗಳಿಗೆ ‘ಲೆಟರ್ ಸಿ’ ಅನ್ನುವ ಹಳೇ ಕಂದಾಯ ಪುಸ್ತಕದ ನಕಲು ಮಾತ್ರ ಇರುತ್ತದೆ. 2021ರ ನಿಯಮದಲ್ಲಿ ಅಂಥ ಹಳೇ ಕಾಗದಗಳಿಗೆ 5 ವರ್ಷದ ಗಡುವು ಹಾಕಿದ್ದರು, ಅದು ಮುಗಿದ ಮೇಲೆ ಒಡೆತನಕ್ಕೆ ಆಧಾರ ಅಂತ ತೋರಿಸೋ ಹಾಗಿಲ್ಲ. ಅಣ್ಣತಮ್ಮಂದಿರ ಜಗಳ ನಡೆಯುತ್ತಿರುವ ಮನೆಗೆ ನೀವು ದುಡ್ಡು ಕಟ್ಟಿ ಹೋಗಿ ಕೂರೋದು ಬೇಡ.

ಇನ್ನು ಬದುಕು. ಮನೆ ಹಿಡಿದ ಮೊದಲ ದಿನ ಹೋಗಬೇಕಾದ್ದು ಪಾಕ್ ಆರ್‌ಟಿ ಮನೆಗೆ. ಆರ್‌ಟಿ ಅಂದರೆ ಹತ್ತಾರು ಮನೆಗಳ ಗುಂಪು, ಅದಕ್ಕೊಬ್ಬ ಮುಖ್ಯಸ್ಥ. ಅವರನ್ನೇ ಮರ್ಯಾದೆಯಿಂದ ಪಾಕ್ ಆರ್‌ಟಿ ಅನ್ನೋದು. ಹೊರಗಿನಿಂದ ಬಂದು ರಾತ್ರಿ ಉಳಿಯುವವರು 24 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಊರ ಬಾಗಿಲಲ್ಲಿ ಬೋರ್ಡೇ ಇರುತ್ತದೆ. ನಿಮ್ಮ ಅಪ್ಪ ಅಮ್ಮ ಬಂದರೂ ಹೋಗಿ ಹೇಳಬೇಕು. ಇದನ್ನು ಪೊಲೀಸ್ ಕಾಟ ಅಂತ ತಿಳಿಯಬೇಡಿ. ಇಮಿಗ್ರೇಶನ್ ಕಾಗದ ಎಷ್ಟೇ ಸರಿ ಇರಲಿ, ಆರ್‌ಟಿ ಮುಖ ಗಂಟಿಕ್ಕಿದರೆ ಈ ಊರಲ್ಲಿ ನಿಮ್ಮ ಯಾವ ಕೆಲಸವೂ ಮುಂದೆ ಹೋಗಲ್ಲ. ಅವರು ನಿಮ್ಮ ಕಡೆ ಇದ್ದರೆ ನಡುರಾತ್ರಿಯಲ್ಲೂ ಆಸ್ಪತ್ರೆಗೆ ಕಾರು ಸಿಗುತ್ತದೆ.

ನಮ್ಮ ಬಾಗಿಲ ಪಕ್ಕ ಗೋಡೆಗೆ ಒಂದು ಪ್ಲಾಸ್ಟಿಕ್ ಲೋಟ ತೂಗುಹಾಕಿದೆ. ದಿನಾ ರಾತ್ರಿ ಅದರಲ್ಲಿ 500 ರುಪಿಯಾದ ನಾಣ್ಯ ಹಾಕಿಡುತ್ತೇನೆ. ಮೊದಲೆಲ್ಲ ಒಂದು ಹಿಡಿ ಅಕ್ಕಿ ಹಾಕುತ್ತಿದ್ದರಂತೆ. ರಾತ್ರಿ ಕಾವಲು ಸುತ್ತುವ ಗಂಡಸರು ಲೋಟ ಬಗ್ಗಿಸಿ ಕಾಸು ತಗೊಂಡು ಹೋಗುತ್ತಾರೆ. ಅವರ ಬ್ಯಾಟರಿ ಬೆಳಕು, ನಾಣ್ಯದ ಸದ್ದು, ಆಮೇಲೆ ಯಾರೋ ಒಬ್ಬರ ಕೆಮ್ಮು. ಇದಕ್ಕೆ ಜಿಂಪಿತಾನ್ ಅನ್ನುತ್ತಾರೆ. ಆ ದುಡ್ಡಲ್ಲಿ ಬೀದಿದೀಪ, ಸಾವಿನ ಮನೆಗೆ ಕುರ್ಚಿ, ಶಾಮಿಯಾನ. ಲೋಟ ಖಾಲಿ ಇದ್ದರೆ ಯಾರೂ ಕೇಳಲ್ಲ. ಆದರೆ ಯಾರ ಮನೆಯದು ಖಾಲಿ ಅಂತ ಎಲ್ಲರಿಗೂ ಗೊತ್ತಿರುತ್ತದೆ.

ಕಾವಲಿನ ಸರದಿ ನಿಮಗೂ ಬರುತ್ತದೆ. ಭಾನುವಾರ ಬೆಳಿಗ್ಗೆ ಚರಂಡಿ ಕ್ಲೀನು ಮಾಡಲು ಕರೆಯುತ್ತಾರೆ. ಮೀಟಿಂಗ್ ಇದೆ ಅಂತ ಒಳಗೆ ಕೂತರೆ ಒಂದೆರಡು ಸಲ ನಡೆಯುತ್ತದೆ. ಪಕ್ಕದ ಮನೆಯಲ್ಲಿ ಮದುವೆ ಅಂದರೆ ಹೆಂಗಸರೆಲ್ಲ ಎರಡು ಮೂರು ದಿನ ಅಲ್ಲೇ ಅಡುಗೆಗೆ ನಿಲ್ಲಬೇಕು. ನಿಮ್ಮ ಹೆಂಡತಿಗೆ ಈಗಲೇ ಹೇಳಿಡಿ. ಕೊಬ್ಬರಿ ತುರಿಯುತ್ತಾ, ಈರುಳ್ಳಿ ಸುಲಿಯುತ್ತಾ ಕೂತೇ ನಾನು ಜಾವಾ ಭಾಷೆ ಕಲಿತಿದ್ದು. ಅಲ್ಲಿ ಗೊತ್ತಾಗದ ಊರ ಸುದ್ದಿ ಇಲ್ಲವೇ ಇಲ್ಲ. ಮದುವೆ ಸುಗ್ಗಿಯ ತಿಂಗಳುಗಳಲ್ಲಿ ವಾರಕ್ಕೆ ನಾಲ್ಕೈದು ಆಮಂತ್ರಣ ಬರುತ್ತವೆ, ಪ್ರತಿಯೊಂದಕ್ಕೂ ಕವರ್. ಬಾಡಿಗೆಗಿಂತ ಕವರ್ ಖರ್ಚೇ ಜಾಸ್ತಿ ಆಗುವ ತಿಂಗಳೂ ಉಂಟು. ಜಾವಾ ಪಂಚಾಂಗದ ಸುರೊ ತಿಂಗಳು ಬಂತು ಅಂದರೆ ಮದುವೆಗಳು ನಿಲ್ಲುತ್ತವೆ, ಆಗ ಸ್ವಲ್ಪ ಉಸಿರಾಡಬಹುದು.

ಏಕಾಂತ ಬೇಕು, ನಮ್ಮ ಪಾಡಿಗೆ ನಾವಿರಬೇಕು ಅನ್ನುವವರಿಗೆ ಜಾವಾ ಹಳ್ಳಿ ಸರಿ ಹೋಗಲ್ಲ. ಅಂಥವರಿಗೆ ಪೇಟೆಯ ಅಪಾರ್ಟ್‌ಮೆಂಟೇ ವಾಸಿ.

ಇಲ್ಲಿಯ ತೋಟ ನಿಮಗೆ ಹಿಡಿಸುತ್ತದೆ. ನಮ್ಮ ಕಡೆ ಎಲ್ಲ ಸಲಾಕ್, ಹಾವಿನ ಚರ್ಮದಂಥ ಸಿಪ್ಪೆಯ ಹಣ್ಣು. ಗಿಡದ ಮೈಯೆಲ್ಲ ಬೆತ್ತದ ಹಾಗೆ ಮುಳ್ಳು. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಾಳಿ, ಹುಳ ನಂಬಿ ಕೂತರೆ ಫಸಲು ಸಾಲದು. ಮಾವ ಬೆಳಿಗ್ಗೆ ಗಂಡು ಹೂವಿನ ಗೊಂಚಲು ಕೊಯ್ದು ತಂದು, ಅರಳಿದ ಹೆಣ್ಣು ಹೂವಿನ ಮೇಲೆ ತಟ್ಟಿ ಪುಡಿ ಉದುರಿಸುತ್ತಾರೆ. ಆಮೇಲೆ ಮಳೆ ನೀರು ಬೀಳದ ಹಾಗೆ ಎಲೆಯ ತುಂಡು ಮುಚ್ಚುತ್ತಾರೆ. ಕೊಯ್ಲಿಗೆ ಸುಮಾರು ಆರು ತಿಂಗಳು. ಎಷ್ಟು ದಪ್ಪ ಬಟ್ಟೆ ಹಾಕಿಕೊಂಡು ಹೋದರೂ ಸಂಜೆ ಸೂಜಿ ಹಿಡಿದು ಮುಳ್ಳು ತೆಗೆಯೋದು ತಪ್ಪಲ್ಲ. ಇಷ್ಟೆಲ್ಲ ಮಾಡಿ, ಸುಗ್ಗಿಯಲ್ಲಿ ಮಧ್ಯವರ್ತಿ ಕಿಲೋಗೆ ಕೆಲವು ಸಾವಿರ ರುಪಿಯಾ ಎಣಿಸಿ ಹೋಗುತ್ತಾನೆ. ಅಡಿಕೆ ಮಂಡಿಗೆ ಬೈಯುವ ನಿಮ್ಮ ಅಪ್ಪನೂ ನಮ್ಮ ಮಾವನೂ ಒಂದೇ ಜಗಲಿಯಲ್ಲಿ ಕೂತರೆ ಮಾತಿಗೆ ಬರ ಇರಲ್ಲ.

ಬೆಟ್ಟದ ಬಗ್ಗೆ ನೀವು ಕೇಳಲೇ ಇಲ್ಲ. ಕೇಳಬೇಕಿತ್ತು. 2010ರಲ್ಲಿ ಮೆರಾಪಿ ಸ್ಫೋಟಿಸಿದಾಗ 300ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಸೀಮೆಯ ಸಲಾಕ್ ತೋಟಗಳು ಬೂದಿಯ ಭಾರಕ್ಕೆ ಮುರಿದು ಬಿದ್ದವು. ಅಷ್ಟಕ್ಕೇ ಮುಗಿಯಲಿಲ್ಲ. 2011ರ ಜನವರಿಯ ಮಳೆಗೆ ಬೆಟ್ಟದ ಮೇಲಿನ ಬೂದಿ, ಮರಳು, ಬಂಡೆ ಎಲ್ಲ ಸೇರಿ ಕಾಲಿ ಪುತಿಹ್ ಹೊಳೆಯಲ್ಲಿ ಇಳಿದು ಬಂದು ಯೋಗ್ಯಕರ್ತಾ–ಮಾಗೆಲಾಂಗ್ ಹೆದ್ದಾರಿಯನ್ನೇ ಮುಚ್ಚಿತು. 2023ರ ಮಾರ್ಚ್‌ನಲ್ಲಿ ಮತ್ತೆ ಬೂದಿ ಬಿತ್ತು. ಮಧ್ಯಾಹ್ನವೇ ಮಬ್ಬು, ಒಣ ಹಾಕಿದ ಬಟ್ಟೆ ಬೂದು ಬಣ್ಣ. 2020ರ ನವೆಂಬರ್‌ನಲ್ಲಿ ಎಚ್ಚರಿಕೆಯನ್ನು ನಾಲ್ಕರಲ್ಲಿ ಮೂರನೇ ಮಟ್ಟಕ್ಕೆ ಏರಿಸಿದರು, ಅದು ವರ್ಷಗಟ್ಟಲೆ ಇಳಿಯಲಿಲ್ಲ. ಹಾಗಾಗಿ ಬಾಡಿಗೆ ಮನೆ ನೋಡುವಾಗ ಎರಡು ಪ್ರಶ್ನೆ ಕೇಳಿ. ಶಿಖರದಿಂದ ಎಷ್ಟು ಕಿಲೋಮೀಟರ್? ಹೊಳೆಯ ದಂಡೆಯಿಂದ ಎಷ್ಟು ದೂರ? ಮೇಲಿನ ಹಳ್ಳಿಗಳಿಗೆ ಕೆಳಗೊಂದು ಜೊತೆ ಹಳ್ಳಿ ಗೊತ್ತುಮಾಡಿದ್ದಾರೆ. ಬೆಟ್ಟ ಕೆರಳಿದರೆ ಜನ, ಹಸು, ಶಾಲೆ ಎಲ್ಲ ಅಲ್ಲಿಗೆ. ನಿಮ್ಮ ಊರಿಗೆ ಯಾವುದು ಜೊತೆ ಅಂತ ಮೊದಲೇ ತಿಳಿದಿರಿ. ಇದೇ ಬೆಟ್ಟದ ಬೂದಿಯಿಂದಲೇ ಮಣ್ಣು ಇಷ್ಟು ಚೆನ್ನಾಗಿರೋದು. ಅದಕ್ಕೇ ಯಾರೂ ಬಿಟ್ಟು ಹೋಗಲ್ಲ.

ಊಟ ಸಲೀಸು. ತೆಂಗು, ಹುಣಸೆ, ಬೆಲ್ಲ, ಬಾಳೆಎಲೆ ಎಲ್ಲ ಇದೆ. ತೆಂಪೆ ಅನ್ನುವ ಹುದುಗಿಸಿದ ಸೋಯಾ ಎಲ್ಲ ಕಡೆ ಸಿಗುತ್ತದೆ. ನೀವು ಸಸ್ಯಾಹಾರಿಗಳಾದರೆ ಸಾಂಬಾಲ್ ಚಟ್ನಿ ನೋಡಿ ತಿನ್ನಿ, ಅದರಲ್ಲಿ ‘ತೆರಾಸಿ’ ಅನ್ನುವ ಸಿಗಡಿ ಪೇಸ್ಟ್ ಇರುತ್ತದೆ. ತೊಗರಿಬೇಳೆ ಹಳ್ಳಿ ಅಂಗಡಿಯಲ್ಲಿ ಇಲ್ಲ. ಹೆಸರುಕಾಳಿದೆ. ಮೊಸರು ಮನೆಯಲ್ಲೇ ಹೆಪ್ಪು ಹಾಕಿಕೊಳ್ಳಿ. ಕರೆಂಟು ಮೊಬೈಲ್ ಹಾಗೆ ಪ್ರೀಪೇಯ್ಡ್, 20 ಅಂಕಿ ಮೀಟರ್‌ಗೆ ಒತ್ತಬೇಕು. ದುಡ್ಡು ಮುಗಿಯುತ್ತಾ ಬಂದರೆ ಅದು ಕೀಂ ಕೀಂ ಅಂತ ಇಡೀ ಬೀದಿಗೆ ಸಾರುತ್ತದೆ. 3 ಕಿಲೋದ ಹಸಿರು ಗ್ಯಾಸ್ ಸಿಲಿಂಡರ್ ಬಡವರಿಗೆ ಸಬ್ಸಿಡಿಯಲ್ಲಿ ಕೊಡೋದು, ನೀವು ಅದನ್ನು ಮುಟ್ಟಬೇಡಿ. ಜನ ನೋಡುತ್ತಾರೆ.

ವೀಸಾ. ಮೊದಲು ಬಂದು ನೋಡಲು ಇಳಿದ ಮೇಲೆ ಸಿಗುವ ವೀಸಾ ಸಾಕು. 5 ಲಕ್ಷ ರುಪಿಯಾ, 30 ದಿನ, ಇನ್ನೊಂದು 30 ದಿನ ವಿಸ್ತರಣೆ. ನಿಮ್ಮಂಥ ಲ್ಯಾಪ್‌ಟಾಪಿನವರಿಗೆ ಒಂದು ವರ್ಷದ ವೀಸಾ ಬಂದಿದೆ, ಆದರೆ ವರ್ಷಕ್ಕೆ 60,000 ಡಾಲರ್ ಆದಾಯ ತೋರಿಸಬೇಕು, ಅದೂ ಇಂಡೋನೇಷ್ಯಾದ ಹೊರಗಿನ ಕಂಪನಿಯಿಂದ. ನಿಮ್ಮ ಸಂಬಳ ಅಷ್ಟಿದೆಯಾ ಅನ್ನೋದು ನಿಮಗೇ ಗೊತ್ತು. ಇಲ್ಲದಿದ್ದರೆ ವರ್ಷಕ್ಕೆ ಒಂದೆರಡು ತಿಂಗಳು ಬಂದು ಹೋಗೋದು ಒಳ್ಳೆಯದು. ನಿಜ ಹೇಳಬೇಕೆಂದರೆ ನಿಮಗೆ ಅದೇ ಸರಿ ಅಂತ ನನಗನ್ನಿಸುತ್ತದೆ.

ಓಡಾಟಕ್ಕೆ ಬೆಂಗಳೂರಿನಿಂದ ಕ್ವಾಲಾಲಂಪುರ್ ಅಥವಾ ಸಿಂಗಾಪುರ, ಅಲ್ಲಿಂದ ಯೋಗ್ಯಕರ್ತಾ. ಬಾಲಿಗೆ ಬೆಂಗಳೂರಿನಿಂದ 2024ರಲ್ಲಿ ನೇರ ವಿಮಾನ ಶುರುವಾಯಿತು. ಬಾಲಿಯಿಂದ ಇಲ್ಲಿಗೆ ಇನ್ನೊಂದು ವಿಮಾನ ಹಿಡಿಯಬೇಕು. ಯೋಗ್ಯಕರ್ತಾದ ಹೊಸ ವಿಮಾನ ನಿಲ್ದಾಣ ಊರಿಂದ ದೂರ, ಸಮುದ್ರದ ಹತ್ತಿರ. ಅಲ್ಲಿಂದ ರೈಲಿನಲ್ಲಿ ಸುಮಾರು 40 ನಿಮಿಷದಲ್ಲಿ ಊರೊಳಗಿನ ತುಗು ಸ್ಟೇಷನ್, ಆಮೇಲೆ ಜೊಂಬೊರ್ ಬಸ್‌ಸ್ಟ್ಯಾಂಡಿನಿಂದ ಮುಂತಿಲಾನ್ ಬಸ್ಸು. ಮುಂತಿಲಾನ್ ತನಕ ಆ್ಯಪ್ ಟ್ಯಾಕ್ಸಿ ಬರುತ್ತವೆ. ಅಲ್ಲಿಂದ ಮೇಲಕ್ಕೆ ಸ್ಕೂಟರೇ ಗತಿ. ನಮ್ಮ ಹಾಗೆ ಎಡಗಡೆ ಓಡಿಸೋದು, ಅದೊಂದು ಪುಣ್ಯ. ಮರಳು ಲಾರಿಗಳ ಹಿಂದೆ ಮಾತ್ರ ಅಂಟಿಕೊಂಡು ಹೋಗಬೇಡಿ.

ಬರುವ ದಿನ ಗೊತ್ತುಮಾಡುವಾಗ ರಂಜಾನ್ ಯಾವಾಗ ಮುಗಿಯುತ್ತದೆ ಅಂತ ಕ್ಯಾಲೆಂಡರ್ ನೋಡಿ. ಲೆಬಾರಾನ್, ಅಂದರೆ ಈದ್ ಹಬ್ಬಕ್ಕೆ ಜಕಾರ್ತಾದಲ್ಲಿರುವ ಜಾವಾದವರೆಲ್ಲ ಊರಿಗೆ ಹೊರಡುತ್ತಾರೆ. ರೈಲು ಟಿಕೆಟ್ ವಾರಗಳ ಮುಂಚೆಯೇ ಖಾಲಿ, ಹೆದ್ದಾರಿಯಲ್ಲಿ ಕಾರುಗಳು ನಿಂತಲ್ಲೇ ನಿಲ್ಲುತ್ತವೆ, ಮನೆ ತೋರಿಸಬೇಕಾದ ಒಡೆಯ ನೆಂಟರ ಮನೆಯಲ್ಲಿರುತ್ತಾನೆ. ಜೂನ್‌ನಿಂದ ಆಗಸ್ಟ್ ಒಣಗಾಲ, ಆ ಹೊತ್ತಿಗೆ ಹಬ್ಬ ಬೀಳದ ವರ್ಷವಾದರೆ ಕಣ್ಣುಮುಚ್ಚಿ ಬನ್ನಿ. ಆಮೇಲೆ ಒಂದು ಸಲ ಜನವರಿ ಮಳೆಯಲ್ಲೂ ಬಂದು ಹದಿನೈದು ದಿನ ಇದ್ದು ನೋಡಿ. ಬಾಡಿಗೆ ಕರಾರಿಗೆ ಸಹಿ ಹಾಕೋದು ಅದಾದ ಮೇಲೆ. ಟಿಕೆಟ್ ಆದ ಕೂಡಲೇ ನಿಮ್ಮಿಬ್ಬರ ಪಾಸ್‌ಪೋರ್ಟ್ ನಕಲು ಕಳಿಸಿ, ಪಾಕ್ ಆರ್‌ಟಿಗೆ ಕೊಟ್ಟಿರುತ್ತೇನೆ.