ಕ್ಯಾಮೆರಾ ಪ್ರಶ್ನೋತ್ತರ: ಫಂಕ್ಷನ್ ಹಾಲ್‌ಗೆ ಯಾವ ಝೂಮ್ ಲೆನ್ಸ್?

ಪ್ರಶ್ನೆ: ನನ್ನ ಹತ್ತಿರ ಕ್ಯಾನನ್ 200ಡಿ ಮಾರ್ಕ್ 2 ಇದೆ. ಅದರ ಜೊತೆ ಬಂದ 18-55 ಲೆನ್ಸ್ ಬಿಟ್ಟರೆ ಬೇರೆ ಇಲ್ಲ. ಶಹಾಪುರ, ಸುರಪುರ ಕಡೆ ಮದುವೆ, ಕುಬಸ, ತೊಟ್ಟಿಲು ಕಾರ್ಯಕ್ರಮಗಳಿಗೆ ಹೋಗುತ್ತೇನೆ. ಹಾಲ್ ಒಳಗೆ ತೆಗೆದ ಫೋಟೊ ಅಲುಗಿದ ಹಾಗೆ ಬರುತ್ತವೆ, ಇಲ್ಲವೇ ತುಂಬಾ ಗ್ರೇನ್ (ಮರಳಿನಂಥ ಚುಕ್ಕೆ) ಕಾಣುತ್ತದೆ. ಗೆಳೆಯರೊಬ್ಬರು ತಮ್ಮ ಹಳೆಯ ಕ್ಯಾನನ್ 24-105 ಎಫ್ 4 ಎಲ್ ಲೆನ್ಸ್ ಕೊಡುತ್ತೇನೆ ಅನ್ನುತ್ತಿದ್ದಾರೆ. ಅದೇ ರೇಟಿಗೆ ಸೆಕೆಂಡ್ ಹ್ಯಾಂಡ್ ಸಿಗ್ಮಾ 17-50 ಎಫ್ 2.8 ಸಿಗುತ್ತಿದೆ. ಕೆಂಪು ಪಟ್ಟಿಯ ಆ ಎಲ್ ಲೆನ್ಸ್ ಕೈಬಿಟ್ಟರೆ ಆಮೇಲೆ ಬೇಜಾರಾಗಲ್ವಾ?
– ಓದುಗರೊಬ್ಬರು, ಶಹಾಪುರ

ಉತ್ತರ: 17-50 ತಗೊಳ್ಳಿ. ಕೆಂಪು ಪಟ್ಟಿ ನೋಡಿ ಹುಡುಗನ ಕಡೆಯವರು ನಿಮಗೆ ಇನ್ನೊಂದು ಹೋಳಿಗೆ ಬಡಿಸಬಹುದು. ಫೋಟೊಗೆ ಅದರಿಂದ ಏನೂ ಆಗುವುದಿಲ್ಲ.

24-105 ಕೆಟ್ಟ ಲೆನ್ಸ್ ಅಲ್ಲ. 2005ರಲ್ಲಿ ಬಂದದ್ದು, ಇವತ್ತಿಗೂ ಎಷ್ಟೋ ಜನ ಅದರಲ್ಲೇ ದುಡಿಯುತ್ತಿದ್ದಾರೆ. ಆದರೆ ಅದನ್ನು ಮಾಡಿದ್ದು ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರ್ ಇರುವ ಕ್ಯಾಮೆರಾಕ್ಕೆ. ನಿಮ್ಮದು ಕ್ರಾಪ್ ಬಾಡಿ, ಅಂದರೆ ಸೆನ್ಸರ್ ಸಣ್ಣದು. ಅದರಲ್ಲಿ ಯಾವ ಲೆನ್ಸ್ ಹಾಕಿದರೂ ಎಂಎಂ ನಂಬರನ್ನು 1.6ರಿಂದ ಗುಣಿಸಬೇಕು. 24 ಅನ್ನೋದು 38ರ ಹಾಗೆ ಕಾಣುತ್ತದೆ, ನಂಬರ್ ದೊಡ್ಡದಾದಷ್ಟೂ ಫ್ರೇಮಿನಲ್ಲಿ ಹಿಡಿಯುವ ಜಾಗ ಕಡಿಮೆ. ಈಗ ಕುಬಸದ ಮನೆ ನೆನಪು ಮಾಡಿಕೊಳ್ಳಿ. ಹತ್ತು ಅಡಿಗೆ ಹನ್ನೆರಡು ಅಡಿ ಕೋಣೆ. ನಡುವೆ ಬಸುರಿ ಹೆಣ್ಣುಮಗಳು, ಸುತ್ತ ಉಡಿ ತುಂಬಲು ನಿಂತ ಮುತ್ತೈದೆಯರು, ಬಾಗಿಲ ತುಂಬ ಮಕ್ಕಳು. ನಿಮ್ಮ ಬೆನ್ನು ಗೋಡೆಗೆ ಹತ್ತಿದೆ, ಫ್ರೇಮಿನಲ್ಲಿ ಮಾತ್ರ ಮೂರೇ ಮುಖ. ಅಲ್ಲಿ 105 ಇದ್ದು ಏನು ಮಾಡ್ತೀರಿ? 17 ಇದ್ದರೆ ಅದು 27ರ ಹಾಗೆ ಕಾಣುತ್ತದೆ. ಉಡಿ ತುಂಬುವ ಕೈ, ಹೆಣ್ಣುಮಗಳ ಮುಖ, ಪಕ್ಕದ ಅತ್ತೆ, ಎಲ್ಲ ಬರುತ್ತಾರೆ.

ಇನ್ನು ಬೆಳಕು. ಎಫ್ ನಂಬರ್ ಸಣ್ಣದಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತದೆ. ನಿಮ್ಮ ಕಿಟ್ ಲೆನ್ಸ್ 55ರ ತುದಿಗೆ ಹೋದರೆ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಎಫ್ 4 ಅದರ ಎರಡು ಪಟ್ಟು ಬೆಳಕು ಬಿಡುತ್ತದೆ, ಎಫ್ 2.8 ನಾಲ್ಕು ಪಟ್ಟು. ಈಗ ನೀವು 1/60 ಸೆಕೆಂಡ್ ಶಟರ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 6400 ಇಟ್ಟು ಒದ್ದಾಡುವ ಕಡೆ, 2.8 ಇದ್ದರೆ 1/125ಕ್ಕೆ ಐಎಸ್‌ಒ 3200 ಸಾಕು. ಅಲುಗುವುದೂ ಕಡಿಮೆ, ಗ್ರೇನೂ ಕಡಿಮೆ. ನಿಮ್ಮ ಎರಡು ದೂರಿಗೂ ಒಂದೇ ಔಷಧ.

"24-105ರಲ್ಲಿ ಸ್ಟೆಬಿಲೈಸರ್ ಇದೆಯಲ್ಲ" ಅಂತ ನಿಮ್ಮ ಗೆಳೆಯರು ಹೇಳಿಯೇ ಹೇಳುತ್ತಾರೆ. ಸಿಗ್ಮಾದಲ್ಲೂ ಇದೆ. ಇದ್ದರೂ ಅದು ತಡೆಯುವುದು ನಿಮ್ಮ ಕೈನ ನಡುಕವನ್ನು. ಅಕ್ಕಿಕಾಳು ಹಾಕುವ ಮುನ್ನೂರು ಜನರ ಕೈಯನ್ನಲ್ಲ. ಸ್ಟೆಬಿಲೈಸರ್ ನಂಬಿ 1/15ರಲ್ಲಿ ತೆಗೆದರೆ ಮಂಟಪದ ಹೂವು ಚೂಪಾಗಿ ಬರುತ್ತದೆ, ಮದುಮಗ ಮಸುಕಾಗಿ ಬರುತ್ತಾನೆ. ನಾನಂತೂ ಮಾತಾಡುತ್ತ ನಿಂತವರಿಗೆ 1/125, ಅಕ್ಕಿಕಾಳು ಹಾಕುವಾಗ 1/200, ಕುಣಿಯುವವರಿಗೆ 1/250ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಗ್ರೇನ್ ಬಂದರೆ ಬರಲಿ. ನಮ್ಮ ಸ್ಟುಡಿಯೊದಲ್ಲಿ ಆಲ್ಬಮ್ ಕೂಡಿಸುವವಳು ನನ್ನ ಹೆಂಡತಿ. ಅವಳ ಕಾನೂನು ಒಂದೇ: "ಗ್ರೇನ್ ಆದರೆ ನಾ ನೋಡ್ಕೋತೀನಿ, ಅಲುಗಿದ್ದು ತಂದ್ರೆ ನೀವೇ ನೋಡ್ಕೋರಿ."

ಟ್ಯೂಬ್‌ಲೈಟ್, ಅಗ್ಗದ ಎಲ್ಇಡಿ ಪಟ್ಟಿ ಇರುವ ಹಾಲ್‌ನಲ್ಲಿ ಇನ್ನೊಂದು ತಂಟೆ ಇದೆ. ನಮ್ಮ ಕರೆಂಟು 50 ಹರ್ಟ್ಸ್. ಆ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ಜಾಸ್ತಿ ಮಾಡಿದಂತೆ ಫೋಟೊದಲ್ಲಿ ಅಡ್ಡಡ್ಡ ಪಟ್ಟಿ ಬೀಳಬಹುದು. ಬಿದ್ದರೆ 1/100ಕ್ಕೆ ಬನ್ನಿ. ಇದಕ್ಕೆ ಲೆನ್ಸ್ ಬದಲಿಸಿ ಉಪಯೋಗವಿಲ್ಲ.

ಎಫ್ 2.8 ಸಿಕ್ಕಿತು ಅಂತ ಎಲ್ಲದಕ್ಕೂ ಅದನ್ನೇ ಇಡಬೇಡಿ. 50ರ ತುದಿಯಲ್ಲಿ, ನಾಲ್ಕು ಮೀಟರ್ ದೂರದಲ್ಲಿ ನಿಂತರೆ ಚೂಪಾಗಿ ಸಿಗುವ ಜಾಗ ಸುಮಾರು ಎರಡು ಅಡಿ, ಅಷ್ಟೇ. ಸ್ಟೇಜ್ ಮೇಲೆ ಬೀಗರು ಎರಡು ಸಾಲು ನಿಂತರೆ ಹಿಂದಿನ ಸಾಲು ಮಸುಕು. ಗ್ರೂಪ್ ಫೋಟೊಗೆ 5.6 ಇಟ್ಟು ಫ್ಲ್ಯಾಶ್ ಹಾಕಿ. ಗ್ರೂಪನ್ನು 17ರಲ್ಲಿ ತೆಗೆಯಲೂ ಬೇಡಿ. ಅಂಚಿಗೆ ನಿಂತವರು ಅಗಲವಾಗಿ ಕಾಣುತ್ತಾರೆ. ಅಂಚಿಗೆ ಯಾವಾಗಲೂ ಯಾರೋ ಒಬ್ಬರು ದೊಡ್ಡಮ್ಮ ನಿಂತಿರುತ್ತಾರೆ, ಆಲ್ಬಮ್ ಬಂದ ದಿನ ಫೋನ್ ಮಾಡುವವರೂ ಅವರೇ. ನಾಲ್ಕು ಹೆಜ್ಜೆ ಹಿಂದೆ ಸರಿದು 28ರ ಹತ್ತಿರ ತನ್ನಿ.

ಫ್ಲ್ಯಾಶ್ ಅಂದೆ. ಅದರ ಬೆಳಕನ್ನು ಚಾವಣಿಗೆ ಹೊಡೆಸಿ ಬೌನ್ಸ್ ಮಾಡುವ ಮೊದಲು ತಲೆ ಎತ್ತಿ ನೋಡಿ. ಮೇಲೆ ಗುಲಾಬಿ ಬಟ್ಟೆ ಕಟ್ಟಿದ್ದರೆ ಎಲ್ಲರ ಮುಖ ಗುಲಾಬಿ. ಬಿಳಿ ಗೋಡೆ ಯಾವ ಕಡೆ ಇದೆಯೋ ಆ ಕಡೆ ತಿರುಗಿಸಿ.

17-50ರಲ್ಲಿ ಕೊರತೆ ಇಲ್ಲ ಅನ್ನಲಾರೆ. ದೊಡ್ಡ ಹಾಲ್‌ನಲ್ಲಿ ಮುಂದೆ ವಿಡಿಯೊದವರ ಕ್ರೇನ್, ಅದರ ಮುಂದೆ ಮೊಬೈಲ್ ಎತ್ತಿದ ನೆಂಟರು. ದೂರದಿಂದ ಮದುಮಗಳ ಮುಖ ಬೇಕು ಅಂದರೆ 50 ಸಾಲದು. ಆಗ 24-105 ನೆನಪಾಗುತ್ತದೆ, ನಿಜ. ಮೆರವಣಿಗೆಗೆ, ಜಾತ್ರೆಗೆ, ಬಿಸಿಲಲ್ಲಿ ನಡೆಯುವ ಶಾಲೆ ಕಾರ್ಯಕ್ರಮಕ್ಕೆ ಅದೇ ಚೆಂದ. ಆದರೆ ನಿಮ್ಮ ಪ್ರಶ್ನೆ ಹಾಲ್ ಒಳಗಿನದು. ಒಂದು ಕೆಲಸ ಮಾಡಿ. ಹಳೆಯ ಮದುವೆ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಆಲ್ಬಮ್‌ಗೆ ಹೋದ ಫೋಟೊ ಯಾವ ಯಾವ ಎಂಎಂನಲ್ಲಿ ತೆಗೆದದ್ದು ನೋಡಿ. ಮುಕ್ಕಾಲು ಪಾಲು 18ರಿಂದ 35ರ ಒಳಗೇ ಇದ್ದರೆ, ಉದ್ದದ ಲೆನ್ಸ್ ನಿಮಗೆ ಬರೀ ಆಸೆ. ಎಲ್ಲವೂ 55ಕ್ಕೆ ಬಂದು ಗುದ್ದಿದ್ದರೆ ಮಾತ್ರ ಮತ್ತೆ ಬರೆಯಿರಿ, ಬೇರೆ ಉತ್ತರ ಕೊಡುತ್ತೇನೆ.

18-35 ಎಫ್ 1.8 ಅಂತ ಸಿಗ್ಮಾದ್ದೇ ಒಂದು ಇದೆ, 2013ರದ್ದು. ಬೆಳಕಿನ ಲೆಕ್ಕದಲ್ಲಿ ಇನ್ನೂ ಮೇಲು. ಆದರೆ 810 ಗ್ರಾಂ ತೂಕ, ಸ್ಟೆಬಿಲೈಸರ್ ಇಲ್ಲ, 35ಕ್ಕೆ ಮುಗಿಯುತ್ತದೆ. ಒಂದೇ ಲೆನ್ಸ್‌ನಲ್ಲಿ ದಿನ ತಳ್ಳುವವರಿಗೆ ಬೇಡ.

ದುಡ್ಡು ಕೊಡುವ ಮೊದಲು ಲೆನ್ಸ್ ನಿಮ್ಮ ಕ್ಯಾಮೆರಾಕ್ಕೇ ಹಾಕಿ ನೋಡಿ. ಗೋಡೆಗೆ ದಿನಪತ್ರಿಕೆ ಅಂಟಿಸಿ 17ರಲ್ಲಿ, 50ರಲ್ಲಿ, ಎಫ್ 2.8 ಇಟ್ಟು ತೆಗೆಯಿರಿ. ನಾಲ್ಕೂ ಮೂಲೆಯ ಅಕ್ಷರ ಒಂದೇ ರೀತಿ ಓದಲು ಬರಬೇಕು. ಒಂದೇ ಮೂಲೆ ಮಸುಕಾಗಿದ್ದರೆ ಲೆನ್ಸ್ ಎಲ್ಲೋ ಬಿದ್ದೆದ್ದು ಬಂದಿರಬಹುದು. ಎಫ್ 8ರಲ್ಲೂ ಎರಡು ತುದಿಗೆ ಒಂದೊಂದು ಕ್ಲಿಕ್ ಮಾಡಿ. ಅಪರ್ಚರ್ (ಬೆಳಕು ಬಿಡುವ ಕಿಂಡಿ) ಕೇಬಲ್ ಸವೆದಿದ್ದರೆ ಎರರ್ ಅಲ್ಲೇ ಕಾಣಿಸಿಕೊಳ್ಳುತ್ತದೆ. ಅಂಗಡಿಯವರು ಅವಸರ ಮಾಡಿದರೆ ಎದ್ದು ಬನ್ನಿ.

ಪ್ರಶ್ನೆ: ಮಗಳ ಭರತನಾಟ್ಯ ಕಾರ್ಯಕ್ರಮ ರಂಗಮಂದಿರದಲ್ಲಿ ಇದೆ. ನಿಕಾನ್ ಡಿ5600, 70-300 ಎಫ್ 4.5-6.3 ಇವೆ. ಹೋದ ಸಲ ಬರೀ ಕೈಕಾಲು ಅಲುಗಿದ ಫೋಟೊಗಳು. 70-200 ಎಫ್ 2.8 ಕೊಳ್ಳಲೇಬೇಕಾ?
– ತಾಯಿಯೊಬ್ಬರು, ಬೀದರ್

ಉತ್ತರ: ಬೇಡ ಅಕ್ಕಾ. ವರ್ಷಕ್ಕೊಮ್ಮೆ ಬರುವ ಕಾರ್ಯಕ್ರಮಕ್ಕೆ ಒಂದೂವರೆ ಕಿಲೊ ಹತ್ತಿರದ ಲೆನ್ಸ್ ಕೊಂಡರೆ ಉಳಿದ ದಿನ ಅದು ಬೀರುವಿನಲ್ಲೇ ಇರುತ್ತದೆ. ಆ ಒಂದು ದಿನಕ್ಕೆ ಬಾಡಿಗೆಗೆ ತನ್ನಿ. ಮುಂದಿನ ಸಾಲಿನಲ್ಲಿ ಜಾಗ ಸಿಗುತ್ತದೆ ಅಂತಾದರೆ ಅದೂ ಬೇಡ, 85 ಎಫ್ 1.8 ಸಾಕು. ಎಎಫ್-ಎಸ್ ಅಂತ ಬರೆದದ್ದನ್ನೇ ಕೇಳಿ, ಅದರೊಳಗೇ ಫೋಕಸ್ ಮೋಟಾರ್ ಇರುತ್ತದೆ. ನಿಮ್ಮ ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ, ಹಳೆಯ ಡಿ ಲೆನ್ಸ್ ಹಾಕಿದರೆ ಕೈಯಿಂದಲೇ ಫೋಕಸ್ ತಿರುಗಿಸಬೇಕಾಗುತ್ತದೆ.

ಇರುವ ಲೆನ್ಸ್‌ನಲ್ಲೇ ತೆಗೆಯುವುದಾದರೆ 70ರಿಂದ 100ರ ಒಳಗೆ ಇರಿ. 300ಕ್ಕೆ ಹೋದಷ್ಟೂ ಬೆಳಕು ಕಡಿಮೆ. ಜತಿ ಮುಗಿದಾಗ ಮಗು ಒಂದು ಕ್ಷಣ ಭಂಗಿಯಲ್ಲಿ ನಿಲ್ಲುತ್ತದೆ, ಆಗ ಒತ್ತಿ. ಪ್ರಾಕ್ಟೀಸ್ ನೋಡಿದ ತಾಯಿಗೆ ಆ ಕ್ಷಣ ಯಾವಾಗ ಬರುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹಿಂದಿನ ಪರದೆ ಕಪ್ಪಿದ್ದರೆ ಕ್ಯಾಮೆರಾ ಮುಖವನ್ನು ಬಿಳಿಚಿಸಿ ಬಿಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಅರ್ಧ ಬೆಳಕಿಗೆ ಇಳಿಸಿ. ಫ್ಲ್ಯಾಶ್ ಮಾತ್ರ ಹಾಕಬೇಡಿ, ಕುಣಿಯುವ ಮಕ್ಕಳ ಕಣ್ಣಿಗೆ ಹೊಡೆಯುತ್ತದೆ.

ಪ್ರಶ್ನೆ: ನನ್ನ 17-55 ಲೆನ್ಸ್ ಒಳಗೆ ಧೂಳು ಕಾಣುತ್ತಿದೆ. ಬಿಚ್ಚಿಸಿ ತೊಳೆಸಬೇಕೆ?
– ಓದುಗರು, ಕಲಬುರಗಿ

ಉತ್ತರ: ನಮ್ಮ ಊರಿನ ಬೇಸಿಗೆಯಲ್ಲಿ ಲೆನ್ಸ್ ಒಳಗೆ ಧೂಳು ಹೋಗದಿದ್ದರೆ ಆಶ್ಚರ್ಯ. ಝೂಮ್ ಮಾಡಿದಾಗ ಉದ್ದ ಆಗುವ ಲೆನ್ಸ್ ಗಾಳಿ ಎಳೆದುಕೊಳ್ಳುತ್ತದೆ, ಜೊತೆಗೆ ಧೂಳನ್ನೂ. ನಾಲ್ಕೈದು ಕಣ ಇದ್ದರೆ ಫೋಟೊದಲ್ಲಿ ಕಾಣುವುದಿಲ್ಲ, ಸುಮ್ನೆ ಬಿಟ್ಟುಬಿಡಿ. ಆಕಾಶದ ಫೋಟೊದಲ್ಲಿ ಕಪ್ಪು ಚುಕ್ಕೆ ಕಾಣುತ್ತಿದ್ದರೆ ಅದು ಸೆನ್ಸರ್ ಮೇಲಿನ ಧೂಳು, ಲೆನ್ಸಿನದಲ್ಲ. ಟಾರ್ಚ್ ಬಿಟ್ಟು ನೋಡಿದಾಗ ಜೇಡರ ಬಲೆಯ ಹಾಗೆ ಎಳೆ ಎಳೆ ಕಂಡರೆ ಅದು ಫಂಗಸ್. ಅದನ್ನು ತಡ ಮಾಡದೆ ಸರ್ವಿಸ್‌ಗೆ ಕೊಡಿ, ಬೇರೆ ಲೆನ್ಸ್ ಇರುವ ಬ್ಯಾಗಿನಲ್ಲಿ ಅಲ್ಲಿಯವರೆಗೆ ಇಡಬೇಡಿ.