ಅಕ್ಕಿ ಡಬ್ಬಿ ಹಿಂದಿನ ಕ್ವಾರ್ಟರ್

ಪ್ರಶ್ನೆ: ನಮ್ಮವರು ಗಾರೆ ಕೆಲಸ ಮಾಡುತ್ತಾರೆ. ಕುಡಿತ ಬಿಡಿಸುವ ಕೇಂದ್ರದಲ್ಲಿ ಒಂದು ತಿಂಗಳಿದ್ದು ಬಂದರು. ಅಲ್ಲಿ ಒಂದು ದಿನವೂ ಕುಡಿಯಬೇಕು ಅನಿಸಲಿಲ್ಲವಂತೆ. ಊರಿಗೆ ಬಂದ ಮೊದಲ ಶನಿವಾರ ಬಟವಾಡೆ ಆಯಿತು, ಬಸ್ ಸ್ಟ್ಯಾಂಡಿನ ವೈನ್ ಶಾಪ್ ಕಂಡದ್ದೇ ತಡ, ಕುಡಿದೇ ಮನೆಗೆ ಬಂದರು. ಎದುರಿಗೆ ಬಾಟ್ಲಿ ಇಟ್ಟು, ಕುಡಿಯಲು ಬಿಡದೆ ಆಸೆ ಇಳಿಸುವ ಚಿಕಿತ್ಸೆ ಇದೆ ಅಂತ ನನ್ನ ತಮ್ಮ ಹೇಳಿದ. ಒಂದು ಕ್ವಾರ್ಟರ್ ತರಿಸಿ ಅಕ್ಕಿ ಡಬ್ಬಿ ಹಿಂದೆ ಇಟ್ಟಿದ್ದೇನೆ. ಮನೆಯಲ್ಲೇ ಮಾಡಬಹುದಾ?
(ಹೆಸರು ಬೇಡ, ಹಾಸನ ಜಿಲ್ಲೆ)

ಉತ್ತರ: ಬೇಡಮ್ಮಾ. ಮೊದಲು ಅದನ್ನು ಬಚ್ಚಲಿಗೆ ಸುರಿದು ಬನ್ನಿ.

ನಿಮ್ಮ ತಮ್ಮ ಹೇಳಿದ್ದು ಸುಳ್ಳೇನಲ್ಲ. ಊಟಕ್ಕೆ ಮುಂಚೆ ಪ್ರತಿ ಸಲ ಒಂದು ಸದ್ದು ಕೇಳಿಸಿ ಕೇಳಿಸಿ, ಕೊನೆಗೆ ಆ ಸದ್ದು ಕೇಳಿದರೆ ಸಾಕು, ಬಾಯಲ್ಲಿ ನೀರೂರುತ್ತಿದ್ದ ರಷ್ಯಾದ ವಿಜ್ಞಾನಿ ಪಾವ್ಲೋವನ ನಾಯಿಗಳ ಕಥೆ ಗೊತ್ತಲ್ವಾ? ಊಟ ಕೊಡದೆ ಬರೀ ಸದ್ದು ಮಾಡುತ್ತಾ ಹೋದರೆ ನೀರೂರುವುದು ಕಡಿಮೆಯಾಗುತ್ತದೆ. ಈ ಚಿಕಿತ್ಸೆಯ ಬುಡ ಅಲ್ಲಿದೆ. ನಿಮ್ಮವರಿಗೆ ಆ ಸದ್ದು ಅಂದರೆ ವೈನ್ ಶಾಪಿನ ಬೋರ್ಡು, ಜೇಬಿನಲ್ಲಿರುವ ಬಟವಾಡೆ ದುಡ್ಡು, ಖಾರದ ಕಡಲೆಬೀಜದ ಪೊಟ್ಟಣ. ಚಿಕಿತ್ಸೆಯಲ್ಲಿ ಗ್ಲಾಸಿಗೆ ಹಾಕಿಸಿ, ಕೈಯಲ್ಲಿ ಹಿಡಿಸಿ, ಮೂಗಿನ ಹತ್ತಿರ ತರಿಸಿ, ಆಸೆ ಹತ್ತರಲ್ಲಿ ಎಷ್ಟಿದೆ ಅಂತ ಆಗಾಗ ಕೇಳುತ್ತಾರೆ. ನಾಲ್ಕು, ಏಳು, ಒಂಬತ್ತು ಅಂತ ಏರಿದ್ದು ಕಾಯುತ್ತಾ ಕೂತರೆ ತಾನಾಗಿ ಇಳಿಯತೊಡಗುತ್ತದೆ. ಇಳಿಯುವವರೆಗೂ ಪಕ್ಕದಲ್ಲಿ ತರಬೇತಿ ಇರುವವರು ಕೂತಿರುತ್ತಾರೆ. ಮನೆಯಲ್ಲಿ, ಆಸೆ ಒಂಬತ್ತಕ್ಕೆ ಹೋದಾಗ, ಅಡ್ಡ ನಿಲ್ಲುವವರು ಯಾರು, ನೀವಾ? ಆಗ ಒಂದು ಗುಟುಕು ಒಳಗೆ ಹೋದರೂ ಕಲಿತದ್ದೆಲ್ಲ ಉಲ್ಟಾ.

ಇನ್ನೊಂದು ತೊಡಕಿದೆ. ಮೆದುಳು ಹಳೆಯ ನಂಟನ್ನು ಅಳಿಸುವುದಿಲ್ಲ, ಪಕ್ಕದಲ್ಲಿ ಹೊಸ ಪಾಠ ಬರೆದುಕೊಳ್ಳುತ್ತದೆ, ಆ ಪಾಠ ಕಲಿತ ಕೋಣೆಗೇ ಅಂಟಿಕೊಂಡುಬಿಡುತ್ತದೆ. ಆಸ್ಪತ್ರೆಯಲ್ಲಿ ಗೆದ್ದವರು ಬಸ್ ಸ್ಟ್ಯಾಂಡಿನಲ್ಲಿ ಸೋಲುವುದು ಅದಕ್ಕೇ. ಕಾಂಕ್ಲಿನ್ ಮತ್ತು ಟಿಫನಿ ಎಂಬ ಸಂಶೋಧಕರು 2002ರಲ್ಲಿ ಹಿಂದಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿ, ಈ ಚಿಕಿತ್ಸೆ ಫಲಿಸುತ್ತದೆ ಅನ್ನಲು ಗಟ್ಟಿ ಆಧಾರ ಸಿಗಲಿಲ್ಲ ಅಂದರು. ಹಾಗಾಗಿ ಇದೊಂದನ್ನೇ ನಂಬಿ ಕೂರಬೇಡಿ. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗಳಿವೆ, ಕೌನ್ಸೆಲಿಂಗ್ ಇದೆ. ಕೌನ್ಸೆಲರ್ ಜೊತೆಗಿದ್ದರೆ ಮುಂದೊಂದು ದಿನ ಆ ವೈನ್ ಶಾಪ್ ಮುಂದೆಯೇ ನಡೆದು ನೋಡಬಹುದು. ಈಗಲೇ ಬೇಡ.

ಅಂದಹಾಗೆ ಕೇಂದ್ರದಲ್ಲಿ ಆಸೆ ಬರಲಿಲ್ಲ ಅಂದದ್ದು ನಾಟಕ ಅಂತ ಬೈಯಬೇಡಿ. ಅಲ್ಲಿ ಬಾರೂ ಇರಲಿಲ್ಲ, ಬಟವಾಡೆಯೂ ಇರಲಿಲ್ಲ.

ಮತ್ತೆ ದಿನಾ ಕುಡಿಯುತ್ತಿದ್ದರೆ ಮನೆಯಲ್ಲಿ ಒಮ್ಮೆಲೇ ನಿಲ್ಲಿಸಲೂ ಹೋಗಬೇಡಿ. ಕೈ ನಡುಕ ಶುರುವಾಗಿ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಈ ಶನಿವಾರದ ಮಟ್ಟಿಗೆ, ಅವರೂ ಒಪ್ಪಿದರೆ, ಬಟವಾಡೆಯನ್ನು ನಿಮ್ಮ ಖಾತೆಗೇ ಹಾಕಿಬಿಡಿ ಅಂತ ಮೇಸ್ತ್ರಿಗೆ ಹೇಳಿಸಿ.