ಫ್ರಿಜ್‌ನಲ್ಲಿರೋ ಅರ್ಧ ಬಾಟಲಿ ಮೊದ್ಲು ಹೊರಗೆ ಹಾಕಿ: ಕೆಮ್ಮೋ ಹಸು, ಆ್ಯಂಟಿಬಯೋಟಿಕ್ ಮತ್ತು ನಿಮ್ಮ ಪ್ರಶ್ನೆಗಳು

ಜೂನ್ ಬಂತು ಅಂದ್ರೆ ನಂಗೆ ಬರೋ ಪ್ರಶ್ನೆ ಒಂದೇ, ಊರು ಮಾತ್ರ ಬೇರೆ. ನಾಪೋಕ್ಲು, ಸುಂಟಿಕೊಪ್ಪ, ಶನಿವಾರಸಂತೆ, ಎಲ್ಲಿಂದ ಬಂದ್ರೂ ಹಸು ಕೆಮ್ತಿದೆ ಯಾವ ಇಂಜೆಕ್ಷನ್ ಹಾಕ್ಲಿ ಅಂತ. ಅದಕ್ಕೇ ಈ ಸಲ ಒಂದನ್ನೇ ಉದ್ದಕ್ಕೆ ಬರೀತೀನಿ, ಮಿಕ್ಕಿದ್ದು ಸಿಟ್ಟು ಬರೋದ್ರೊಳಗೆ ಮುಗಿಸ್ತೀನಿ.

ಪ್ರಶ್ನೆ: ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ಹಸು, ಕರು ಹಾಕಿ ಎರಡು ತಿಂಗಳು. ನಾಲ್ಕು ದಿನದಿಂದ ಕೆಮ್ಮು, ಸಿಂಬಳ, ಹಾಲು ಇಳಿದಿದೆ. ಹೋದ ವರ್ಷ ಇನ್ನೊಂದು ಹಸುಗೆ ಹಾಕಿ ಉಳಿದ ಆ್ಯಂಟಿಬಯೋಟಿಕ್ ಫ್ರಿಜ್‌ನಲ್ಲಿದೆ, ಆಗ ಒಂದೇ ಇಂಜೆಕ್ಷನ್‌ಗೆ ವಾಸಿ ಆಗಿತ್ತು. ಅದನ್ನೇ ಹಾಕ್ಬೋದಾ, ಎಷ್ಟು ಎಂಎಲ್? (ಸೋಮವಾರಪೇಟೆ ಕಡೆಯಿಂದ)

ಎಂಎಲ್ ಕೇಳಿದ್ದೀರಿ, ಜ್ವರ ಎಷ್ಟಿದೆ ಅಂತ ಬರ್ದೇ ಇಲ್ಲ. ಕಿವಿ ಮುಟ್ಟಿ ನೋಡಿದ್ದು ಜ್ವರ ನೋಡಿದ ಲೆಕ್ಕ ಅಲ್ಲ ಸ್ವಾಮಿ. ಸಾದಾ ಡಿಜಿಟಲ್ ಥರ್ಮಾಮೀಟರ್ ಸಾಕು, ಸಗಣಿ ಹಾಕೋ ಜಾಗದಲ್ಲಿ ಒಳಗೋಡೆಗೆ ತಾಗೋ ಹಾಗೆ ಇಟ್ಟು ನೋಡಿ. 101, 102 ಡಿಗ್ರಿ ಹಸುಗೆ ಮಾಮೂಲಿ. 104 ದಾಟಿದೆ, ಮೇವು ಬಿಟ್ಟಿದೆ, ಈ ತಂಪಲ್ಲೂ ಮಲಗಿದ ಜಾಗದಲ್ಲೇ ನಿಮಿಷಕ್ಕೆ 40ಕ್ಕಿಂತ ಮೇಲೆ ಪಕ್ಕೆ ಎಳೀತಿದೆ ಅಂದ್ರೆ ಶ್ವಾಸಕೋಶಕ್ಕೆ ಹೋಗಿರ್ಬೋದು ಅಂತ ಡಾಕ್ಟರನ್ನ ಕರೀಬೇಕು. ಜ್ವರ ಇಲ್ಲ, ತಿಂತಿದೆ, ಮೆಲುಕು ಹಾಕ್ತಿದೆ, ಕೆಮ್ಮು ಮಾತ್ರ ಇದೆ ಅಂದ್ರೆ ಅದು ಶ್ವಾಸಕೋಶದ ಹುಳ ಇರ್ಬೋದು, ನಮ್ಮ ಒದ್ದೆ ಹುಲ್ಲಲ್ಲಿ ಮೇಯೋ ದನಗಳಿಗೆ ಬರುತ್ತೆ, ಅದಕ್ಕೆ ಜಂತುಹುಳದ ಔಷಧಿ ಬೇಕು, ಆ್ಯಂಟಿಬಯೋಟಿಕ್‌ಗೆ ಅದು ಸಾಯಲ್ಲ.

ಇಲ್ಲಾಂದ್ರೆ ಕೊಟ್ಟಿಗೆ ಗಾಳಿ. ಮಳೆ ಹೊಡೀಬಾರ್ದು ಅಂತ ನಾಲ್ಕೂ ಕಡೆ ಟಾರ್ಪಲ್ ಕಟ್ಟಿ, ಸೊಳ್ಳೆಗೆ ಅಂತ ಹೊಗೆ ಹಾಕಿ, ಒಳಗೆ ಗಂಜಲ ನಿಂತು ನಿಮ್ಗೇ ಕಣ್ಣು ಉರಿಯೋ ಹಾಗಿರುತ್ತೆ, ಅಲ್ಲಿ ರಾತ್ರಿಯೆಲ್ಲಾ ಕಟ್ಟಿದ ಹಸು ಕೆಮ್ಮದೆ ಇನ್ನೇನು ಮಾಡುತ್ತೆ. ಆ ಗಾಟಿಗೆ ಮೂಗು ಗಂಟಲಿನ ಒಳಪದರ ಹಾಳಾಗುತ್ತೆ, ಆಮೇಲೆ ವೈರಸ್ ಕೂರುತ್ತೆ, ಅದರ ಹಿಂದೆ ಪಾಶ್ಚುರೆಲ್ಲಾ ಥರದ ಬ್ಯಾಕ್ಟೀರಿಯಾ ಇಳಿಯುತ್ತೆ. ಇವು ಬಹಳಷ್ಟು ಸಲ ಚೆನ್ನಾಗಿರೋ ಹಸು ಮೂಗಲ್ಲೂ ಇರೋವೇ. ಆ್ಯಂಟಿಬಯೋಟಿಕ್ ಕೆಲಸ ಮಾಡೋದು ಈ ಕೊನೇದರ ಮೇಲೆ ಮಾತ್ರ. ಟಾರ್ಪಲ್ ಮೇಲ್ಗಡೆ ಒಂದಡಿ ಬಿಚ್ಚಿ, ಕೆಳಗೆ ಒಣ ತರಗು ಹಾಕಿ, ದುಡ್ಡು ಖರ್ಚಿಲ್ಲ.

ಈಗ ಆ ಬಾಟಲಿ. ಒಮ್ಮೆ ಸೂಜಿ ಚುಚ್ಚಿದ ಬಾಟಲಿಗೆ ಇಷ್ಟು ದಿನದೊಳಗೆ ಮುಗಿಸಿ ಅಂತ ಅವಧಿ ಇರುತ್ತೆ, ಬಹಳ ಔಷಧಿಗೆ ಅದು 28 ದಿನ, ಪುಡಿ ಕಲಸಿದ್ದು ಅಂದ್ರೆ ಇನ್ನೂ ಕಮ್ಮಿ. ನಿಮ್ದು ಒಂದು ವರ್ಷದ್ದು, ಅದೂ ಮಳೆಗಾಲದಲ್ಲಿ ದಿನಗಟ್ಲೆ ಕರೆಂಟ್ ಇಲ್ದಿರೋ ಫ್ರಿಜ್‌ನಲ್ಲಿ. ಅದನ್ನ ಹೊಳೆಗೋ ಗೊಬ್ಬರದ ಗುಂಡಿಗೋ ಸುರೀಬೇಡಿ ಮತ್ತೆ, ಪಶು ಆಸ್ಪತ್ರೆಗೆ ತಗೊಂಡು ಹೋಗಿ ಕೊಡಿ.

ಒಂದೇ ಇಂಜೆಕ್ಷನ್‌ಗೆ ವಾಸಿ ಆಯ್ತು ಅನ್ನೋದು ನಂಗೆ ತುಂಬಾ ಕಿರಿಕಿರಿ ಮಾಡೋ ಮಾತು. ಆ್ಯಂಟಿಬಯೋಟಿಕ್ ಜೊತೆ ಡಾಕ್ಟರ್ ಜ್ವರಕ್ಕೆ ಮೆಲಾಕ್ಸಿಕಾಂ ಹಾಕಿರ್ತಾರೆ, ಮಾರ್ನೇ ದಿನ ಜ್ವರ ಇಳಿದಿದ್ದು ಅದರಿಂದ್ಲೂ ಇರ್ಬೋದು, ಹಸು ಎದ್ದು ಹಿಂಡಿ ತಿನ್ನುತ್ತೆ, ನೀವು ವಾಸಿ ಆಯ್ತು ಅಂತ ಎರಡನೇ ದಿನದ ಇಂಜೆಕ್ಷನ್‌ಗೆ ಬರೋದೇ ಬೇಡ ಅಂತೀರಿ. ಒಳಗೆ ಅರ್ಧ ಏಟು ತಿಂದ ಬ್ಯಾಕ್ಟೀರಿಯಾ ಹಾಗೇ ಉಳಿಯುತ್ತೆ, ಹತ್ತು ದಿನಕ್ಕೆ ಕೆಮ್ಮು ವಾಪಸ್, ಆಗ ಇನ್ನೂ ಸ್ಟ್ರಾಂಗ್ ಹಾಕಿ ಸಾರ್ ಅಂತ ಫೋನು. ಔಷಧಿ ಹಿಡೀತಾ ಇಲ್ವಾ ಅಂತ ಹೇಳೋಕೆ 48ರಿಂದ 72 ಗಂಟೆ ಬೇಕು, ದಿನಾ ಬೆಳಗ್ಗೆ ಸಂಜೆ ಜ್ವರ ಬರೆದಿಡಿ, ಯಾವಾಗ ನಿಲ್ಸೋದು ಅಂತ ಆ ಚೀಟಿ ನೋಡಿ ನಿಮ್ಮ ಡಾಕ್ಟರ್ ಹೇಳ್ತಾರೆ. ಡೋಸ್ ತೂಕದ ಲೆಕ್ಕ, ಎಚ್‌ಎಫ್‌ಗೂ ಮಲೆನಾಡು ಗಿಡ್ಡಕ್ಕೂ ಒಂದೇ ಎಂಎಲ್ ಬರಲ್ಲ. ಔಷಧಿನೂ ಒಂದೇ ಅಲ್ಲ, ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾಗೆ ಪೆನಿಸಿಲಿನ್ ಎಷ್ಟು ಸುರಿದ್ರೂ ಏನೂ ಆಗಲ್ಲ, ಪೆನಿಸಿಲಿನ್ ಹೊಡೆಯೋದು ಕೋಶಗೋಡೆಗೆ, ಅದಕ್ಕೆ ಆ ಗೋಡೆನೇ ಇಲ್ಲ. ಮತ್ತೆ ಮತ್ತೆ ಬರ್ತಿದ್ರೆ ಆ್ಯಂಟಿಬಯೋಟಿಕ್ ಹಾಕೋ ಮುಂಚೆನೇ ಸ್ಯಾಂಪಲ್ ತೆಗ್ದು ಲ್ಯಾಬ್‌ಗೆ ಕಳ್ಸೋಕೆ ಕೇಳಿ.

ಬೈಕಲ್ಲಿ ಬ್ಯಾಗ್ ನೇತು ಹಾಕ್ಕೊಂಡು ಬಂದು ಮೊದಲ್ನೇ ದಿನವೇ ಸೆಫ್ಟ್ರಯಾಕ್ಸೋನ್ ಅನ್ನೋ ಆ್ಯಂಟಿಬಯೋಟಿಕ್ ಚುಚ್ಚಿ ಹೋಗೋರು ಇದಾರಲ್ಲ, ಅದು ಮನುಷ್ಯರಿಗೆ ಸೀರಿಯಸ್ ಆದಾಗ ಉಳಿಸ್ಕೋಬೇಕಾದ ಔಷಧಿ. ಕೆಲವರ ಬ್ಯಾಗಲ್ಲಿ ಈಗ್ಲೂ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ ಇರುತ್ತೆ, ಅದನ್ನ ಹಾಕಿದ ದನದ ಹೆಣ ತಿಂದು ರಣಹದ್ದುಗಳು ಸಾಯ್ತಿವೆ ಅಂತ ದನಗಳಿಗೆ ಅದನ್ನ 2006ರಲ್ಲೇ ನಿಷೇಧ ಮಾಡಿ ಆಗಿದೆ. ಏನು ಹಾಕಿದ್ರಿ ಅಂತ ಬಾಟಲಿ ಫೋಟೋ ಕೇಳಿ, ತೋರ್ಸಲ್ಲ ಅಂದ್ರೆ ಗೇಟ್ ಹೊರಗೆ ಕಳ್ಸಿ.

ಆದ್ರೆ ಇದನ್ನೆಲ್ಲ ಓದಿ ಗಂಟಲು ಊದಿರೋ ಹಸುನ ಎರಡು ದಿನ ನೋಡೋಣ ಅಂತ ಕೂರ್ಬೇಡಿ. ದಿಢೀರ್ ಜೋರು ಜ್ವರ, ಗಂಟಲ ಕೆಳಗೆ ಬಾವು, ಗೊರಗೊರ ಉಸಿರು ಅಂದ್ರೆ ಅದು ಗಳಲೆ ರೋಗ ಇರ್ಬೋದು, ಗಂಟೆಗಳ ಲೆಕ್ಕದಲ್ಲಿ ಸಾಯುತ್ತೆ. ಅಲ್ಲಿ ಆ್ಯಂಟಿಬಯೋಟಿಕ್ ಆವತ್ತೇ ಬೀಳ್ಬೇಕು. ರಾತ್ರಿನೇ ಆಗಿದ್ರೂ ಡಾಕ್ಟರನ್ನ ಎಬ್ಬಿಸಿ.

ಪ್ರಶ್ನೆ: ಕಾಳುಮೆಣಸು ಶುಂಠಿ ಕಷಾಯ ಕೊಡ್ಬೋದಾ?

ಕಷಾಯದ ಬಗ್ಗೆ ನಂಗೆ ಜಗಳ ಇಲ್ಲ, ಗೊಟ್ಟದ ಬಗ್ಗೆ, ಅಂದ್ರೆ ಔಷಧಿ ಕುಡಿಸೋ ಬಿದಿರಿನ ಕೊಳವೆ ಬಗ್ಗೆ ಇದೆ. ನಾಲಿಗೆ ಎಳ್ದು, ತಲೆ ಎತ್ತಿ, ಗೊಟ್ಟದಲ್ಲೋ ಬಾಟಲಿಯಲ್ಲೋ ಸುರಿದ್ರೆ ಅದು ಸೀದಾ ಶ್ವಾಸಕೋಶಕ್ಕೆ ಹೋಗ್ಬೋದು, ಎಣ್ಣೆ ಆದ್ರಂತೂ ಮುಗೀತು. ಕೆಮ್ಮೋ ಹಸುಗೆ ಏನನ್ನೂ ಹಾಗೆ ಕುಡಿಸ್ಬೇಡಿ.

ಪ್ರಶ್ನೆ: ನಮಗೆ ಬರೆದ ಅಜಿತ್ರೋಮೈಸಿನ್ ಮಾತ್ರೆ ಉಳಿದಿದೆ, ಬೆಲ್ಲದಲ್ಲಿ ಇಟ್ಟು ಕೊಡ್ಲಾ?

ಬೇಡ. ಬೆಲ್ಲ ನೀವು ತಿನ್ನಿ.

ಪ್ರಶ್ನೆ: ಒಂದಕ್ಕೆ ಬಂದಿದೆ, ಪಕ್ಕದ ಎರಡಕ್ಕೂ ಮುಂಜಾಗ್ರತೆಗೆ ಹಾಕ್ಸಿಬಿಡ್ಲಾ?

ಅವುಗಳ ಜ್ವರ ನೋಡಿ, ಕಾಯಿಲೆ ಹಸುನ ಬೇರೆ ಕಟ್ಟಿ, ನೀರಿನ ಬಕೆಟ್ ಬೇರೆ ಮಾಡಿ. ಹೊಸ ಹಸು ತಂದಾಗ್ಲೂ ಎರಡು ಮೂರು ವಾರ ಇದನ್ನೇ ಮಾಡಿ.

ಪ್ರಶ್ನೆ: ಇಂಜೆಕ್ಷನ್ ಹಾಕಿದ ಹಸು ಹಾಲು ಚೆನ್ನಾಗಿ ಕುದಿಸಿದ್ರೆ ಆಗುತ್ತಲ್ವಾ, ಡೈರಿಯವ್ರಿಗೆ ಗೊತ್ತಾಗಲ್ಲ?

ಕುದಿಸಿದ್ರೆ ಆ್ಯಂಟಿಬಯೋಟಿಕ್ ಹೋಗಲ್ಲ. ಹೆಪ್ಪು ಹಾಕಿದ್ರೆ ಮೊಸರೇ ಆಗದೆ ಇರ್ಬೋದು. ಲೇಬಲ್‌ನಲ್ಲಿ ಎಷ್ಟು ದಿನ ಅಂತ ಇದ್ಯೋ ಅಷ್ಟು ದಿನ ಚೆಲ್ಲಿ, ಆ ಔಷಧಿಗೆ ಅಂತ ಬೇರೆ ಅವಧಿ ಇಲ್ದಿದ್ರೆ ನಮ್ಮ ದೇಶದ ನಿಯಮದ ಪ್ರಕಾರ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಕರುಗೂ ಕುಡಿಸ್ಬೇಡಿ. ಗೊತ್ತಾಗಲ್ಲ ಅಂತ ಕ್ಯಾನಿಗೆ ಸುರಿಯೋರು ಆ ಹಾಲನ್ನ ತಮ್ಮ ಮನೆ ಮಕ್ಕಳಿಗೂ ಕೊಡ್ತಾರಾ ಅಂತ ನಂಗೆ ಕೇಳ್ಬೇಕಿದೆ.

ಪ್ರಶ್ನೆ: ಗಳಲೆ ಲಸಿಕೆ ಮಳೆ ಮುಂಚೆ ಹಾಕ್ಸಿಲ್ಲ, ಈಗ ಹಾಕ್ಸಿದ್ರೆ?

ಲಸಿಕೆ ಕೆಲಸ ಶುರು ಮಾಡೋಕೇ ಎರಡು ಮೂರು ವಾರ ಬೇಕು, ಅದಕ್ಕೇ ಮೇ ತಿಂಗಳಲ್ಲೇ ಹಾಕ್ಸಿ ಅಂತ ಬಡ್ಕೊಳ್ಳೋದು. ಜ್ವರ ಇರೋದಕ್ಕೆ ಬೇಡ, ಚೆನ್ನಾಗಿರೋವಕ್ಕೆ ನಿಮ್ಮ ಪಶು ಆಸ್ಪತ್ರೆಯಲ್ಲಿ ಇವತ್ತೇ ಕೇಳಿ. ಅಲ್ಲಿಗೆ ಹೋಗೋಕಾಗ್ದಿದ್ರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಮಾಡೋ ಮುಂಚೆ ಥರ್ಮಾಮೀಟರ್ ಇಟ್ಟು ನೋಡಿರಿ.